ಮದುವೆ ಫೋಟೋದಲ್ಲಿದ್ದವರು ಈಗ ಹಾಗಿಲ್ಲ: ಗಂಡ, ಹೆಂಡತಿ, ರೂಪ, ಆಸೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದುಡ್ಡಿನ ಜಗಳ, ಅತ್ತೆ ಮನೆಯ ಜಗಳದ ಬಗ್ಗೆ ಜನ ನನಗೆ ಧೈರ್ಯವಾಗಿ ಬರೆಯುತ್ತಾರೆ. ಈ ವಿಷಯಕ್ಕೆ ಬಂದಾಗ ಮಾತ್ರ ಪತ್ರ "ನನ್ನ ಸ್ನೇಹಿತನೊಬ್ಬನ ಸಮಸ್ಯೆ" ಎಂದು ಶುರುವಾಗುತ್ತದೆ. ಆ ಸ್ನೇಹಿತರ ಪ್ರಶ್ನೆಗಳೆಲ್ಲ ಇಲ್ಲಿವೆ. ಮಾತು ಅವರದ್ದೇ, ಗುರುತು ತೆಗೆದಿದ್ದೇನೆ. ನಾನು ಡಾಕ್ಟರ್ ಅಲ್ಲ. 24 ವರ್ಷ ಸಂಸಾರ ಮಾಡಿದವಳು, ಅದಕ್ಕಿಂತ ಸ್ವಲ್ಪ ಕಡಿಮೆ ವರ್ಷ ಬೇರೆಯವರ ಸಂಸಾರದ ಕಥೆ ಕೇಳಿದವಳು.

## ಶುರುವಿನ ಪ್ರಶ್ನೆಗಳು

ಹೆಂಡತಿ ದಪ್ಪ ಆಗಿದ್ದಾಳೆ. ಮೊದಲಿನ ಹಾಗೆ ಆಸೆ ಬರ್ತಿಲ್ಲ. ಹೀಗನ್ನಿಸೋದೇ ತಪ್ಪಾ?

ಅನ್ನಿಸಿದ್ದು ತಪ್ಪಲ್ಲ. ಆಸೆ ನಮ್ಮನ್ನು ಕೇಳಿ ಬರುವುದಿಲ್ಲ, ಕೇಳಿ ಹೋಗುವುದೂ ಇಲ್ಲ. ಆದರೆ ಹೀಗೆ ಬರೆದವರಿಗೆ ನಾನು ಮೊದಲು ಒಂದು ಲೆಕ್ಕ ಹಾಕಲು ಹೇಳುತ್ತೇನೆ. ತೂಕ ಜಾಸ್ತಿಯಾಗಿದ್ದು ಯಾವಾಗಿನಿಂದ? ಆಸೆ ಕಡಿಮೆಯಾಗಿದ್ದು ಯಾವಾಗಿನಿಂದ?

ಒಬ್ಬರು ಲೆಕ್ಕ ಹಾಕಿ ಮತ್ತೆ ಬರೆದರು. ಹೆಂಡತಿಯ ತೂಕ ಏರಿದ್ದು 2 ವರ್ಷದಿಂದ. ಇಬ್ಬರೂ ಬೇರೆ ಬೇರೆ ಹೊತ್ತಿಗೆ ಮಲಗಲು ಶುರು ಮಾಡಿದ್ದು 5 ವರ್ಷದಿಂದ, ಇವರಿಗೆ ನೈಟ್ ಶಿಫ್ಟ್ ಬಂದಾಗಿನಿಂದ. ದೂರು ಮಾತ್ರ ತೂಕದ ಮೇಲೆ! ತೂಕ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಸುಲಭವಾಗಿ ಸಿಕ್ಕಿಬೀಳುತ್ತದೆ. ನೈಟ್ ಶಿಫ್ಟ್ ಕನ್ನಡಿಯಲ್ಲಿ ಕಾಣುವುದಿಲ್ಲ.

ಎಲ್ಲರ ಕಥೆಯೂ ಇದೇ ಅಂತಲ್ಲ. ಕೆಲವರಿಗೆ ನಿಜವಾಗಿಯೂ ದೇಹ ಬದಲಾಗಿದ್ದೇ ಕಾರಣ. ಆದರೆ ಆ ತೀರ್ಮಾನಕ್ಕೆ ಲೆಕ್ಕ ಹಾಕಿದ ಮೇಲೆ ಬನ್ನಿ.

ರೂಪ ಮುಖ್ಯ ಅಲ್ಲ, ಗುಣ ಮುಖ್ಯ ಅಂತಾರೆ. ನಿಜ ಹೇಳಿ, ಯಾವುದು ಮುಖ್ಯ?

ರೂಪ ಮುಖ್ಯ ಅಲ್ಲ ಅನ್ನುವವರೇ ಹೆಣ್ಣು ನೋಡಲು ಹೋದಾಗ "ಸ್ವಲ್ಪ ಬೆಳಕಿಗೆ ಬಾಮ್ಮಾ" ಅಂದಿರುತ್ತಾರೆ. ಹಾಗಾಗಿ ಆ ಮಾತು ಪಕ್ಕಕ್ಕಿಡೋಣ. ಅಮೆರಿಕದಲ್ಲಿ ಹೊಸ ಜೋಡಿಗಳನ್ನು 4 ವರ್ಷ ಗಮನಿಸಿದ ಒಂದು ಅಧ್ಯಯನ 2014ರಲ್ಲಿ ಬಂತು. ಹೆಂಡತಿ ನೋಡಲು ಹೇಗಿದ್ದಾಳೆ ಅನ್ನುವುದಕ್ಕೂ ಗಂಡನ ಸಮಾಧಾನಕ್ಕೂ ನಂಟಿತ್ತು. ಗಂಡನ ರೂಪಕ್ಕೂ ಹೆಂಡತಿಯ ಸಮಾಧಾನಕ್ಕೂ ಅಷ್ಟು ನಂಟಿರಲಿಲ್ಲ.

ಮರುವರ್ಷವೇ ಬಂದ ಇನ್ನೊಂದು ಅಧ್ಯಯನ ನನಗೆ ಜಾಸ್ತಿ ಇಷ್ಟ. 167 ಜೋಡಿಗಳನ್ನು ನೋಡಿದರು. ಪರಿಚಯವಾದ ಸ್ವಲ್ಪ ದಿನಕ್ಕೇ ಜೊತೆಯಾದವರು ರೂಪದಲ್ಲಿ ಹೆಚ್ಚುಕಮ್ಮಿ ಸರಿಸಮ ಇದ್ದರು. ಮೊದಲು ಬಹಳ ಕಾಲ ಪರಿಚಯವಿದ್ದು, ಆಮೇಲೆ ಪ್ರೀತಿಸಿದವರಲ್ಲಿ ಆ ಹೊಂದಿಕೆ ಅಷ್ಟಾಗಿ ಇರಲಿಲ್ಲ. ಅಂದರೆ ಒಡನಾಟ ಜಾಸ್ತಿಯಾದಂತೆ ಊರಿನ ಕಣ್ಣಿಗೆ ಕಾಣುವ ರೂಪವೇ ಬೇರೆ, ಅವರಿಬ್ಬರಿಗೆ ಕಾಣುವ ರೂಪವೇ ಬೇರೆ.

ನಮ್ಮ ಅಜ್ಜಿ ತಾತಂದಿರಲ್ಲಿ ಎಷ್ಟೋ ಜನ ಅಂತರಪಟ ಸರಿಸಿದಾಗಲೇ ಮೊದಲ ಸಲ ಮುಖ ನೋಡಿದವರು. ಅವರಲ್ಲಿ ಎಲ್ಲರೂ ಸುಖವಾಗಿದ್ದರು ಅಂತ ನಾನು ಹೇಳುವುದಿಲ್ಲ, ಸುಳ್ಳಾಗುತ್ತದೆ. ಆದರೆ ಆಸೆ ಮದುವೆಗೆ ಮುಂಚೆಯೇ ಹುಟ್ಟಬೇಕೆಂದೇನೂ ಇಲ್ಲ ಅನ್ನುವುದಕ್ಕೆ ಅವರಲ್ಲಿ ಬೇಕಾದಷ್ಟು ಸಾಕ್ಷಿ ಇದ್ದರು.

ಮದುವೆ ಆದ ವರ್ಷದಲ್ಲೇ ಇಬ್ಬರೂ 7-8 ಕೆ.ಜಿ. ಏರಿದ್ದೀವಿ. ಎಲ್ಲರಿಗೂ ಹೀಗೇನಾ?

ಸುಮಾರು ಜನಕ್ಕೆ ಹೀಗೇ. ಹೊಸ ಜೋಡಿಯನ್ನು ಊಟಕ್ಕೆ ಕರೆದ ನೆಂಟರ ಮನೆಗಳನ್ನು ಎಣಿಸಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಬ್ಬಟ್ಟು ಬೇಡ ಅಂದರೆ ಬೇಜಾರು, ತುಪ್ಪ ಬೇಡ ಅಂದರೆ ಅವಮಾನ.

ಉಳಿದರ್ಧ ಖುಷಿಯ ವಿಷಯ. 169 ಹೊಸ ಜೋಡಿಗಳನ್ನು 4 ವರ್ಷ ನೋಡಿ 2013ರಲ್ಲಿ ಬರೆದ ಅಧ್ಯಯನವೊಂದಿದೆ. ಮದುವೆಯಲ್ಲಿ ಸುಖವಾಗಿದ್ದವರ ತೂಕವೇ ಜಾಸ್ತಿ ಏರಿತ್ತು. ಬಿಟ್ಟುಹೋಗುವ ಯೋಚನೆ ಇದ್ದವರು ಸಣ್ಣಗೆ ಉಳಿದಿದ್ದರು. "ಮೈಕೈ ತುಂಬ್ಕೊಂಡಿದ್ದಾಳೆ, ಚೆನ್ನಾಗಿ ನೋಡ್ಕೊಂಡಿದ್ದಾರೆ" ಅಂತ ಅಜ್ಜಿಯರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ಇನ್ನೊಂದು ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 24 ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ. ಗಂಡಸರಲ್ಲಿ ಸುಮಾರು 23. ಹೆಚ್ಚುಕಮ್ಮಿ ಒಂದೇ, ಅಲ್ವಾ? ಆದರೆ ನನಗೆ ಹೆಂಡತಿಯ ತೂಕದ ಬಗ್ಗೆ ಹತ್ತು ಪತ್ರ ಬಂದರೆ ಗಂಡನ ತೂಕದ ಬಗ್ಗೆ ಒಂದು ಬರುತ್ತದೆ.

ಹೊಸತರಲ್ಲಿ ಇದ್ದ ಹುಚ್ಚು ಈಗಿಲ್ಲ. ರೂಪ ಹೋಯ್ತು ಅಂತಾನಾ, ವರ್ಷ ಆಯ್ತು ಅಂತಾನಾ?

ಬಹಳ ಸಲ ವರ್ಷದ್ದೇ ಪಾಲು ಜಾಸ್ತಿ. ಡೊರೊಥಿ ಟೆನೋವ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1970ರ ದಶಕದಲ್ಲಿ ಈ ಹುಚ್ಚಿಗೆ ಲಿಮರೆನ್ಸ್ ಅಂತ ಹೆಸರಿಟ್ಟರು. ಅವರ ಅಂದಾಜಿನಲ್ಲಿ ಅದರ ಆಯಸ್ಸು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ. ಸಿನಿಮಾ ನಟಿಯನ್ನೇ ಮದುವೆಯಾಗಿದ್ದರೂ ಅದು ಇಳಿಯುತ್ತಿತ್ತು.

ಇಳಿದ ಮೇಲೆ ಆಸೆಯ ದಾರಿ ಬದಲಾಗುತ್ತದೆ. ಕೆನಡಾದ ಡಾಕ್ಟರ್ ರೋಸ್ಮರಿ ಬ್ಯಾಸನ್ 2000ದಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಆಸೆ ಹುಟ್ಟಿ ಹತ್ತಿರ ಬರುವುದು ಒಂದು ಥರ. ಹತ್ತಿರ ಬಂದ ಮೇಲೆ ಆಸೆ ಹುಟ್ಟುವುದು ಇನ್ನೊಂದು ಥರ. ಬಹಳ ವರ್ಷ ಜೊತೆಗಿದ್ದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಎರಡನೆಯದು ಮಾಮೂಲು. ಹಸಿವಿಲ್ಲ ಅಂತ ಕೂತವರು ಒಗ್ಗರಣೆ ವಾಸನೆ ಬಂದಾಗ ತಟ್ಟೆ ಎಳೆದುಕೊಳ್ಳುವುದಿಲ್ವಾ, ಹಾಗೆ. ಇದನ್ನು ತಿಳಿಯದವರು ಆಸೆ ತಾನಾಗೇ ಬರಲಿ ಅಂತ ಕಾಯುತ್ತಾರೆ. ಅದು ಬರದೇ ಇದ್ದಾಗ ಎದುರಿಗಿರುವವರ ಹೊಟ್ಟೆ ನೋಡುತ್ತಾರೆ. ಹಾಗಂತ ಬೇಡ ಅಂದವರನ್ನು ಒತ್ತಾಯ ಮಾಡಿದರೆ ಆಸೆ ಹುಟ್ಟುತ್ತದೆ ಅಂತ ಯಾರೂ ಓದಿಕೊಳ್ಳಬೇಡಿ. ಬೇಡ ಅಂದರೆ ಬೇಡ.

## ಬಾಣಂತನ, ಹೊಟ್ಟೆ, ತಲೆಕೂದಲು, ನೈಟಿ

ಮಗು ಆಗಿ 8 ತಿಂಗಳು. ನಮ್ಮೆಜಮಾನ್ರು ಮುಟ್ಟೋದೇ ಇಲ್ಲ. ನನ್ನ ಹೊಟ್ಟೆ ನೋಡಿ ಅಸಹ್ಯ ಆಗಿರ್ಬೇಕು ಅಲ್ವಾ?

ಅಸಹ್ಯ ಅಂತ ಅವರು ಹೇಳಿದ್ದಾರಾ, ನೀವು ಅಂದುಕೊಂಡಿದ್ದಾ? ನನಗೆ ಬರೆದ ಹೊಸ ಅಪ್ಪಂದಿರ ಮಾತು ಬೇರೆಯೇ ಇರುತ್ತದೆ. "ಹೊಲಿಗೆ ಹಾಕಿದ್ದಾರೆ, ನೋವಾದ್ರೆ?" "ರಾತ್ರಿಯೆಲ್ಲ ಎದ್ದಿರ್ತಾಳೆ, ಇನ್ನು ನಾನೂ ಕಾಟ ಕೊಡ್ಲಾ?" ಅವರಿಗೆ ಭಯ, ನಿಮಗೆ ಅದು ಅಸಹ್ಯದ ಹಾಗೆ ಕಾಣುತ್ತದೆ. ಇಬ್ಬರೂ ಬಾಯಿ ಬಿಡುವುದಿಲ್ಲ.

ನಮ್ಮ ಬಾಣಂತನದ ಪದ್ಧತಿಯದ್ದೂ ಇದರಲ್ಲಿ ಪಾಲಿದೆ. ತವರಿನಲ್ಲಿ ಮೂರು ತಿಂಗಳು, ಕೆಲವರು ಐದು ತಿಂಗಳು. ಎಣ್ಣೆ, ಹಂಡೆ ನೀರು, ಸಾಂಬ್ರಾಣಿ ಹೊಗೆ, ಅಂಟಿನುಂಡೆ, ಕಿವಿಗೆ ಹತ್ತಿ. ತಾಯಿಗೆ ಆರೈಕೆ ಸಿಗುತ್ತದೆ, ಒಳ್ಳೆಯದೇ. ಆದರೆ ಗಂಡ ಭಾನುವಾರ ಬಂದು, ಕಾಫಿ ಕುಡಿದು, ಮಗು ನೋಡಿ ಹೋಗುವ ನೆಂಟನಾಗುತ್ತಾನೆ. ವಾಪಸ್ ಬಂದಾಗ ಹಾಸಿಗೆಯಲ್ಲಿ ಮೂವರು. ಯಾರು ಯಾವ ಕಡೆ ಮಲಗುವುದು ಅನ್ನುವುದೂ ಹೊಸದಾಗಿ ಗೊತ್ತಾಗಬೇಕು.

ಇನ್ನು ದೇಹದ ವಿಷಯ. ಬಸುರಿನಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಎರಡು ಪಕ್ಕಕ್ಕೆ ಸರಿದಿರುತ್ತವೆ. ಕೆಲವರಿಗೆ ತಾವಾಗೇ ಹತ್ತಿರ ಬರುತ್ತವೆ, ಕೆಲವರಿಗೆ ಇಲ್ಲ. ಸೊಂಟಕ್ಕೆ ಹಳೇ ಸೀರೆ ಬಿಗಿದರೆ ಬೆನ್ನಿಗೆ ಆಸರೆ. ಅದೊಂದರಿಂದಲೇ ಹೊಟ್ಟೆ ಒಳಗೆ ಹೋಗುವುದಿಲ್ಲ. ಫಿಸಿಯೋಥೆರಪಿಯವರು ಹೇಳಿಕೊಡುವ ವ್ಯಾಯಾಮ ಬೇಕು. ಹೆರಿಗೆಯಾದ ಸುಮಾರು 3 ತಿಂಗಳಿಗೆ ತಲೆ ಬಾಚಿದರೆ ಹಿಡಿ ಹಿಡಿ ಕೂದಲು ಬರುತ್ತದೆ. ಹೆದರಬೇಡಿ. ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹಳ ಜನರಿಗೆ ಸರಿಹೋಗುತ್ತದೆ. ಹಾಲುಣಿಸುವಾಗ ಈಸ್ಟ್ರೋಜನ್ ಹಾರ್ಮೋನು ಕಡಿಮೆ ಇರುತ್ತದೆ. ಅದರಿಂದ ಒಣಗಿದಂತಾಗಿ ನೋವಾಗುವುದು, ಆಸೆಯೇ ಇಲ್ಲದಿರುವುದು ಎರಡೂ ಸಹಜ. ಅಂದರೆ ಆಸೆ ಹೋಗಿರುವುದು ನಿಮ್ಮದೂ ಇರಬಹುದು, ಅವರೊಬ್ಬರದ್ದೇ ಅಲ್ಲ.

ಮಗು ಮಲಗಿದಾಗ ಒಂದೇ ಮಾತು ಕೇಳಿ: "ರೀ, ನಿಮಗೆ ಭಯಾನಾ, ಬೇಡ್ವಾ?" ಉತ್ತರ ಬರಲು ಟೈಮ್ ಕೊಡಿ. ಇನ್ನು ವಾರಗಟ್ಟಲೆ ಅಳು, ಮಗು ಮಲಗಿದರೂ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಹೊಟ್ಟೆಯ ವಿಷಯ ಅಲ್ಲ. ತಡಮಾಡದೆ ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಗಂಡನ ಹೊಟ್ಟೆ, ಗೊರಕೆ, ಗುಟ್ಕಾ ವಾಸನೆ ಬಗ್ಗೆ ಯಾಕೆ ಯಾರೂ ಬರೆಯಲ್ಲ?

ಬರೆಯುತ್ತೇನೆ, ತಗೊಳ್ಳಿ. ಹೆಂಗಸರು ಹೇಳುವ ದೂರುಗಳಲ್ಲಿ ಹೊಟ್ಟೆಗಿಂತ ಮೊದಲು ಬರುವುದು ವಾಸನೆ. ಬೆವರು, ಸಿಗರೇಟು, ಡ್ರಿಂಕ್ಸ್, ಗುಟ್ಕಾ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಯಿತು. ಆಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಒಂದು ಪ್ಯಾಕೆಟ್, ಬಾಯಲ್ಲೇ ಮಿಕ್ಸಿಂಗ್. ವರ್ಷಗಟ್ಟಲೆ ಜಗಿದವರ ಬಾಯಿ ಪೂರ್ತಿ ತೆರೆಯುವುದೂ ಇಲ್ಲ. ಅದು ಕ್ಯಾನ್ಸರಿಗೆ ದಾರಿ ಮಾಡುವ ಕಾಯಿಲೆ. ಮುತ್ತಿನ ಮಾತು ಆಮೇಲೆ, ಮೊದಲು ದಂತವೈದ್ಯರ ಹತ್ತಿರ ಹೋಗಿ.

ಗೊರಕೆಯೂ ಬರೀ ಸದ್ದಲ್ಲ. ಮಧ್ಯೆ ಮಧ್ಯೆ ಉಸಿರು ನಿಂತು, ಗಕ್ಕನೆ ಎಳೆದುಕೊಂಡು, ಹಗಲೆಲ್ಲ ತೂಕಡಿಸುತ್ತಿದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ತೂಕಕ್ಕೂ ಅದಕ್ಕೂ ಹತ್ತಿರದ ನಂಟು. ಹೆಂಡತಿ ನಿದ್ದೆಗಾಗಿ ಹಾಲ್‌ನ ದಿವಾನಕ್ಕೆ ಹೋಗಿರುತ್ತಾಳೆ. ಗಂಡ ಅದನ್ನು ಕೋಪ ಅಂದುಕೊಂಡಿರುತ್ತಾನೆ.

ಹೊಟ್ಟೆಗೆ ಒಂದು ಅಳತೆ ಇದೆ. ಭಾರತದ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಬಾರದು, ಹೆಂಗಸರಿಗೆ 80. ಟೈಲರ್ ಟೇಪ್ ಹಿಡಿಯಿರಿ, ಪ್ಯಾಂಟಿನ ಸೈಜ್ ನಂಬಬೇಡಿ. ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಇಪ್ಪತ್ತು ವರ್ಷ ಅದೇ ಸೈಜ್ ಹಾಕಬಲ್ಲರು.

ನನಗೆ 31. ಆಗಲೇ ತಲೆ ಬೋಳಾಗ್ತಿದೆ. ಹೆಂಡತಿಗೆ ಇಷ್ಟ ಆಗಲ್ವೇನೋ ಅಂತ ಟೋಪಿ ಹಾಕ್ಕೊಂಡೇ ಇರ್ತೀನಿ.

ಹೆಂಡತಿಯರಿಂದ ಬೋಳುತಲೆಯ ದೂರು ನನಗೆ ಬಂದಿದ್ದೇ ಅಪರೂಪ. ಟೋಪಿಯ ದೂರು ಬಂದಿದೆ. ಕೂದಲು ಉದುರುವುದಕ್ಕೆ ಕೊಡುವ ಫಿನಾಸ್ಟರೈಡ್ ಮಾತ್ರೆ ತಗೊಳ್ಳುವ ಯೋಚನೆ ಇದ್ದರೆ ಚರ್ಮದ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಕೆಲವರಿಗೆ ಅದರಿಂದಲೇ ಆಸೆ ಕಡಿಮೆಯಾಗುತ್ತದೆ. ಕೂದಲಿಗೆ ಅಂತ ಹೋಗಿ ಅದನ್ನು ಕಳೆದುಕೊಂಡರೆ ಕಷ್ಟ.

ಆಫೀಸಿಗೆ ಹೋಗೋವಾಗ ಚೆಂದ ರೆಡಿ ಆಗ್ತಾಳೆ. ಮನೆಗೆ ಬಂದ್ರೆ ಎಣ್ಣೆ ತಲೆ, ನೈಟಿ, ಹೆಗಲ ಮೇಲೊಂದು ಟವೆಲ್. ನನಗಾಗಿ ಯಾಕಿಲ್ಲ?

ಇದನ್ನು ಕೇಳಿದವರಿಗೆ ನಾನು "ಈಗ ನೀವೇನು ಹಾಕ್ಕೊಂಡಿದ್ದೀರಿ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಬನಿಯನ್" ಅಂದರು. ತೂತಿದೆಯಾ ಅಂದೆ. ಇತ್ತು.

ಆದರೂ ಈ ಪ್ರಶ್ನೆಯಲ್ಲಿ ಹುರುಳಿದೆ. ಮೈ ಬದಲಾಗುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಮುಖ ತೊಳೆಯುವುದು, ತಲೆ ಬಾಚುವುದು ಇದೆ. ಮನೆಯವರ ಮುಂದೆ ಹೇಗಿದ್ದರೂ ನಡೆಯುತ್ತದೆ ಅನ್ನುವುದು ಸಲುಗೆ. ಹೇಗಿದ್ದರೂ ಯಾರು ನೋಡುತ್ತಾರೆ ಅನ್ನಿಸಿಬಿಟ್ಟರೆ ಅದು ಬೇರೆ. ಹೆಂಗಸರಲ್ಲಿ ಎರಡನೆಯದೇ ಜಾಸ್ತಿ ನೋಡಿದ್ದೇನೆ. ಹೊಸ ಸೀರೆ ಉಟ್ಟು ಎರಡು ಸಲ ಎದುರಿಗೆ ಓಡಾಡಿದರೂ ಫೋನಿನಿಂದ ತಲೆ ಎತ್ತದ ಗಂಡನಿಗೆ ಮೂರನೇ ಸಲ ನೈಟಿಯೇ ಸಿಗುವುದು. ಅಲ್ಲದೆ ಅವಳು ಬಾಗಿಲಿಗೆ ಬಂದ ತಕ್ಷಣ ಅಡುಗೆಮನೆಗೆ ಹೋಗಬೇಕಲ್ಲ. ಜಾರ್ಜೆಟ್ ಸೀರೆಯಲ್ಲಿ ಯಾರು ಒಗ್ಗರಣೆ ಹಾಕುತ್ತಾರೆ? ವಾರದಲ್ಲಿ ಎರಡು ದಿನ ಸಂಜೆ ಅಡುಗೆ ನೀವು ಮಾಡಿ ನೋಡಿ. ಬನಿಯನ್ ಹೊಸದು ತಗೊಳ್ಳಿ.

## ಹೇಳುವುದು ಹೇಗೆ, ಹೇಳದಿರುವುದು ಹೇಗೆ

"ದಪ್ಪ ಆಗಿದ್ದೀಯ" ಅಂತ ನೋವಾಗದ ಹಾಗೆ ಹೇಗೆ ಹೇಳೋದು?

ಹೇಳುವ ಅಗತ್ಯವೇ ಇಲ್ಲ, ಅವರಿಗೆ ಗೊತ್ತಿದೆ. ನಿಮಗಿಂತ ಮೊದಲು ಬ್ಲೌಸ್ ಹೇಳಿದೆ, ಬೆಲ್ಟ್ ಹೇಳಿದೆ, ನಾಮಕರಣಕ್ಕೆ ಬಂದ ಚಿಕ್ಕಮ್ಮ ಹೇಳಿದ್ದಾರೆ.

ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಮದುವೆಮನೆ ಪಂಕ್ತಿಯಲ್ಲಿ ನಮ್ಮೆಜಮಾನರ ಸ್ನೇಹಿತರ ಮುಂದೆ "ಇವರಿಗೆ ಎಂಟನೇ ತಿಂಗಳು" ಅಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ನಮ್ಮವರು ಸಂಜೆ ಮನೆಗೆ ಬಂದರೆ ಪಂಚೆ ಸುತ್ತಿ ಬರೀ ಮೈಯಲ್ಲಿ ಜಗಲಿ ಮೇಲೆ ಕೂರುವವರು. ಮಾರನೇ ದಿನ ಬನಿಯನ್ ಹಾಕಿ ಕೂತರು. ಆಮೇಲೆ ಶರ್ಟು. ಸ್ನಾನ ಮಾಡಿದರೆ ಬಚ್ಚಲಲ್ಲೇ ಬಟ್ಟೆ ಹಾಕಿಕೊಂಡು ಬರತೊಡಗಿದರು. ನನಗೆ ಅರ್ಥವಾಗಲು ಒಂದು ತಿಂಗಳು ಬೇಕಾಯಿತು. ಕ್ಷಮೆ ಕೇಳಿದೆ. "ಅಯ್ಯೋ, ಅದನ್ನ ಯಾರು ನೆನಪಿಟ್ಕೊಂಡಿದ್ದಾರೆ" ಅಂದರು. ಶರ್ಟು ಮಾತ್ರ ಇನ್ನೂ ಆರು ತಿಂಗಳು ಇತ್ತು.

ಅವತ್ತಿನಿಂದ ನಾನು ಹೇಳುವುದಿಷ್ಟು. ಮೈ ಬಗ್ಗೆ ಮಾತು ಬೇಡ, ಮನೆಯ ದಿನಚರಿ ಬಗ್ಗೆ ಮಾತಾಡಿ. "ನೀನು ವಾಕಿಂಗ್ ಹೋಗು" ಅನ್ನುವುದು ಬೇರೆ, "ಊಟ ಆದ್ಮೇಲೆ ಇಬ್ಬರೂ ಒಂದು ರೌಂಡ್ ಹೋಗ್ಬರೋಣ" ಅನ್ನುವುದು ಬೇರೆ. ಸಕ್ಕರೆ ಡಬ್ಬಿ ತರುವವರು ಯಾರು, ಎಣ್ಣೆ ತರುವವರು ಯಾರು, ರಾತ್ರಿ 10 ಗಂಟೆಗೆ ಊಟ ಮಾಡಿಸುವ ಟಿ.ವಿ. ಯಾರದ್ದು, ಇವೆಲ್ಲ ಇಬ್ಬರ ಲೆಕ್ಕಕ್ಕೂ ಬರುತ್ತವೆ. ಇದ್ದಕ್ಕಿದ್ದಂತೆ ತೂಕ ಏರಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆಂಗಸರಲ್ಲಿ ಮುಟ್ಟು ಏರುಪೇರಾಗುತ್ತಿದ್ದರೆ ಪಿಸಿಓಡಿಯೂ (ಅಂಡಾಶಯ, ಹಾರ್ಮೋನಿನ ತೊಂದರೆ) ಇರಬಹುದು. ಹಂಗಿಸಿದರೆ ಸಣ್ಣಗಾಗುತ್ತಾರೆ ಅನ್ನುವುದು ಭ್ರಮೆ. ಹಂಗಿಸಿಕೊಂಡವರು ಬಾಗಿಲ ಹಿಂದೆ ನಿಂತು ಜಾಸ್ತಿ ತಿನ್ನುತ್ತಾರೆ.

ಅತ್ತೆ ಮನೆಯವರು ಎಲ್ಲರ ಮುಂದೆ ಮೈಬಣ್ಣ, ಮೈಕಟ್ಟು ಆಡ್ಕೊಳ್ತಾರೆ. ಇವರೂ ಸೇರ್ಕೊಂಡು ನಗ್ತಾರೆ. ತಮಾಷೆ ಅಂತ ಬಿಡಬೇಕಾ?

ಕೋರ್ಟುಗಳು ತಮಾಷೆ ಅಂತ ಬಿಟ್ಟಿಲ್ಲ. 2023ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. 2007ರಲ್ಲಿ ಮದುವೆಯಾದ ಬೆಂಗಳೂರಿನ ಜೋಡಿ. ಗಂಡ ಕಪ್ಪಗಿದ್ದಾನೆ ಅಂತ ಹೆಂಡತಿ ಅವಮಾನಿಸುತ್ತಿದ್ದದ್ದು ಕ್ರೌರ್ಯ ಎಂದು ಹೇಳಿ ವಿಚ್ಛೇದನ ಕೊಟ್ಟಿತು. ಗಂಡಸರೂ ಇದನ್ನು ಅನುಭವಿಸುತ್ತಾರೆ ಅನ್ನುವುದು ಗಮನಿಸಿ. 2022ರಲ್ಲಿ ಕೇರಳ ಹೈಕೋರ್ಟ್, ನೀನು ನನ್ನ ನಿರೀಕ್ಷೆಯ ಹೆಂಡತಿಯಲ್ಲ ಅಂತ ಸದಾ ಚುಚ್ಚುವುದು, ಬೇರೆ ಹೆಂಗಸರ ಜೊತೆ ಹೋಲಿಸುವುದು ಮಾನಸಿಕ ಕ್ರೌರ್ಯ ಎಂದಿತು. ಅದೇ ಕೋರ್ಟು 2024ರಲ್ಲಿ, ಮೈಕಟ್ಟು ಆಡಿಕೊಂಡ ಓರಗಿತ್ತಿಯ ಮೇಲಿನ ಕೇಸನ್ನು ರದ್ದು ಮಾಡಲು ಒಪ್ಪಲಿಲ್ಲ.

ಕೋರ್ಟಿಗೆ ಹೋಗಿ ಅಂತ ಹೇಳುತ್ತಿಲ್ಲ. ಗಂಡನ ಕಡೆಯವರ ಬಾಯಿ ಮುಚ್ಚಿಸುವುದು ಗಂಡನದ್ದೇ ಕೆಲಸ. ನಾದಿನಿಗೆ ನೀವು ಉತ್ತರ ಕೊಟ್ಟರೆ ಜಗಳ. ನಿಮ್ಮವರು "ಅಕ್ಕಾ, ಆ ಮಾತು ಸಾಕು" ಅಂದರೆ ಅಲ್ಲಿಗೇ ಮುಗಿಯಿತು. ಮನೆಯಲ್ಲಿ ನೀವಿಬ್ಬರೇ ಇದ್ದಾಗ ಇದನ್ನು ನೇರವಾಗಿ ಅವರನ್ನು ಕೇಳಿ. ಮಾತಿನ ಜೊತೆ ಹೊಡೆತವೂ ಇದ್ದರೆ ಮಹಿಳಾ ಸಹಾಯವಾಣಿ 181.

ಫೋನಲ್ಲಿ ರೀಲ್ಸ್ ನೋಡಿ ನೋಡಿ ಹೆಂಡತಿ ಸಪ್ಪೆ ಅನ್ನಿಸ್ತಿದ್ದಾಳೆ.

ದೂರದ ಬೆಟ್ಟ ನುಣ್ಣಗೆ. ಈಗಿನ ಬೆಟ್ಟಕ್ಕೆ ಫಿಲ್ಟರ್ ಬೇರೆ. ದಿನಕ್ಕೆ ಇನ್ನೂರು ಮುಖ ಬೆರಳಲ್ಲಿ ಸರಿಸಿದ ಕಣ್ಣಿಗೆ ಎದುರಿಗೆ ಕಾಫಿ ಲೋಟ ಹಿಡಿದು ನಿಂತ ಮುಖ ಕಾಣುವುದು ಕಷ್ಟವೇ. ಮಲಗುವ ಕೋಣೆಗೆ ಫೋನ್ ಬೇಡ. ಒಂದು ತಿಂಗಳಾದ ಮೇಲೆ ಮತ್ತೆ ಬರೆಯಿರಿ.

## ಕಷ್ಟದ ಪ್ರಶ್ನೆಗಳು

ಇವಳು ಚೆನ್ನಾಗೇ ಇದ್ದಾಳೆ ಅಂತ ನಾನು ಎಷ್ಟು ಹೇಳಿದ್ರೂ ನಂಬಲ್ಲ. ಲೈಟ್ ಆಫ್ ಮಾಡಿ ಅಂತಾಳೆ, ಹೊಟ್ಟೆ ಮುಚ್ಕೊಳ್ತಾಳೆ.

ಹಾಸಿಗೆಯಲ್ಲಿದ್ದೂ ತನ್ನನ್ನು ತಾನೇ ಮೂಲೆಯಲ್ಲಿ ನಿಂತು ನೋಡಿದ ಹಾಗೆ ನೋಡುವುದಕ್ಕೆ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಅಮೆರಿಕದ ಸಂಶೋಧಕರು 1970ರಲ್ಲೇ ಒಂದು ಹೆಸರು ಕೊಟ್ಟಿದ್ದರು, ಸ್ಪೆಕ್ಟೇಟರಿಂಗ್. ಹೊಟ್ಟೆ ಹೇಗೆ ಕಾಣುತ್ತಿದೆ, ತೋಳು ಹೇಗೆ ಕಾಣುತ್ತಿದೆ ಅಂತ ಲೆಕ್ಕ ಹಾಕುವವರಿಗೆ ಸ್ಪರ್ಶ ತಾಕುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ನೋಡುವವರ ಆಸೆ ಹೋಗಿರುವುದಿಲ್ಲ, ನೋಡಿಸಿಕೊಳ್ಳುವವರದ್ದು ಹೋಗಿರುತ್ತದೆ.

ಲೈಟ್ ಬಗ್ಗೆ ವಾದ ಮಾಡಬೇಡಿ. "ನೀನು ಚೆನ್ನಾಗಿದ್ದೀಯ" ಅನ್ನುವ ಒಟ್ಟಾರೆ ಮಾತು ಸಮಾಧಾನ ಹೇಳಿದಂತೆ ಕೇಳಿಸುತ್ತದೆ. ಆ ಹೊತ್ತಿಗೆ ಕಣ್ಣಿಗೆ ಬಿದ್ದಿದ್ದನ್ನು ಹೇಳಿ. "ಬಟ್ಟೆ ಒಣಹಾಕೋವಾಗ ಕೂದಲು ಎತ್ತಿ ಗಂಟು ಹಾಕಿದ್ಯಲ್ಲ, ಹಾಗೇ ನೋಡ್ತಾ ನಿಂತಿದ್ದೆ." ಹಗಲಲ್ಲೇ ಹೇಳಿ. ರಾತ್ರಿ ಹೇಳಿದ ಹೊಗಳಿಕೆಯನ್ನು ಯಾವ ಹೆಂಡತಿಯೂ ಪೂರ್ತಿ ನಂಬುವುದಿಲ್ಲ.

ಗಂಡ ತೂಕದ ಇಂಜೆಕ್ಷನ್ ತಗೊಂಡು 16 ಕೆ.ಜಿ. ಇಳಿದಿದ್ದಾರೆ. ಹೊಸ ಶರ್ಟು, ಹೊಸ ಸೆಂಟು. ಖುಷಿ ಆಗ್ಬೇಕಿತ್ತು, ಭಯ ಆಗ್ತಿದೆ.

ಈ ಇಂಜೆಕ್ಷನ್‌ಗಳಲ್ಲಿ ಮೌಂಜಾರೋ ಭಾರತಕ್ಕೆ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಬಂತು. ಆಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ನಿಮ್ಮ ಭಯ ಹೊಟ್ಟೆಕಿಚ್ಚಲ್ಲ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರ ಬಗ್ಗೆ ಸ್ವೀಡನ್‌ನಲ್ಲಿ ದೊಡ್ಡ ಅಧ್ಯಯನ ನಡೆದು 2018ರಲ್ಲಿ ಪ್ರಕಟವಾಯಿತು. ಒಂಟಿಯಾಗಿದ್ದವರಲ್ಲಿ ಹೊಸ ಸಂಬಂಧ, ಮದುವೆ ಜಾಸ್ತಿಯಾಗಿತ್ತು. ಮೊದಲೇ ಜೋಡಿಯಾಗಿದ್ದವರಲ್ಲಿ ಬೇರೆಯಾಗುವುದೂ ಜಾಸ್ತಿಯಾಗಿತ್ತು. ಆದರೂ ಬಹಳ ಜೋಡಿಗಳು ಒಟ್ಟಿಗೇ ಉಳಿದಿವೆ, ಅದನ್ನೂ ನೆನಪಿಡಿ.

ರೂಪ ಚೆನ್ನಾದರೂ ಮನೆಯ ತಕ್ಕಡಿ ಅಲ್ಲಾಡುತ್ತದೆ. ಮೊದಲು ಇಬ್ಬರೂ ಒಟ್ಟಿಗೆ ಸಂಜೆ ಬಜ್ಜಿ ತಿನ್ನುತ್ತಿದ್ದಿರಿ. ಈಗ ಅವರಿಗೆ ತಿಂಡಿಯೇ ಬೇಡ. ನಿಮ್ಮಿಬ್ಬರ ಮಾತುಕತೆ ನಡೆಯುತ್ತಿದ್ದದ್ದು ಆ ಬಜ್ಜಿ ತಟ್ಟೆಯ ಸುತ್ತಲೇ. ಅದರ ಜಾಗಕ್ಕೆ ಏನು ಅಂತ ಯೋಚಿಸಿ. ಸೆಂಟನ್ನು ಅನುಮಾನಿಸುವ ಮೊದಲು ನಿಮ್ಮ ಭಯವನ್ನು ಅವರಿಗೆ ಹೇಳಿ. ಇಷ್ಟು ವರ್ಷ ಹೊಟ್ಟೆ ಒಳಗೆಳೆದುಕೊಂಡು ಫೋಟೋ ತೆಗೆಸಿಕೊಂಡವರಿಗೆ ಹೊಸ ಶರ್ಟಿನ ಆಸೆ ಇರುತ್ತದೆ.

ಹೆಂಡತಿಗೆ ತೊನ್ನು ಬಂದಿದೆ. ಮನೆಯವರು ಬಿಟ್ಟುಬಿಡು ಅಂತಿದ್ದಾರೆ. ಕಾನೂನಿದೆಯಂತೆ.

ಇಲ್ಲ. ತೊನ್ನು ಅಂಟುವುದಿಲ್ಲ, ಕುಷ್ಠವೂ ಅಲ್ಲ, ಅದನ್ನೇ ಕಾರಣ ಮಾಡಿ ವಿಚ್ಛೇದನ ಕೊಡುವ ಕಾನೂನಿಲ್ಲ. ಕುಷ್ಠರೋಗ ಒಂದು ಕಾಲಕ್ಕೆ ಕಾರಣವಾಗಿತ್ತು, 2019ರ ತಿದ್ದುಪಡಿಯಲ್ಲಿ ಅದನ್ನೂ ತೆಗೆದರು. ಚರ್ಮದ ಡಾಕ್ಟರ ಹತ್ತಿರ ಚಿಕಿತ್ಸೆ ಇದೆ, ನಿಧಾನ. ನೀವು ಅವರ ತಟ್ಟೆಯಲ್ಲಿ ಕೈ ಹಾಕಿ ಒಂದು ತುತ್ತು ತಿನ್ನಿ, ಮನೆಯವರೆಲ್ಲ ಇರುವಾಗ.

ಕ್ಯಾನ್ಸರ್ ಆಗಿ ಒಂದು ಸ್ತನ ತೆಗೆದಿದ್ದಾರೆ. ಗಾಯ ಅವರಿಗೆ ತೋರಿಸಿಲ್ಲ. ಯಾವಾಗ ತೋರಿಸ್ಲಿ?

ನಿಮಗೆ ಮನಸ್ಸಾದಾಗ. ಮೊದಲು ನೀವು ಕನ್ನಡಿಯಲ್ಲಿ ನೋಡಿಕೊಳ್ಳಿ. ಕೆಲವರಿಗೆ ಡ್ರೆಸ್ಸಿಂಗ್ ಬದಲಿಸುವ ನರ್ಸ್ ಎದುರಿಗೆ, ಗಂಡನೂ ಇರುವಾಗ ತೋರಿಸುವುದು ಸುಲಭ ಅನ್ನಿಸುತ್ತದೆ. ಅಲ್ಲಿ ಅದು ಬರೀ ಗಾಯ, ಮಾಸುತ್ತಿರುವ ಗಾಯ. ಕೀಮೋದಿಂದ ಹೋದ ಕೂದಲು ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಬರುತ್ತದೆ, ಮೊದಮೊದಲು ಗುಂಗುರಾಗಿ ಬಂದರೂ ಬರಬಹುದು. ಬ್ರಾ ಒಳಗೆ ಇಟ್ಟುಕೊಳ್ಳುವ ಕೃತಕ ಸ್ತನ ಸಿಗುತ್ತದೆ. ಬೇಕಾದವರಿಗೆ ಮರುರಚನೆ ಆಪರೇಷನ್ ಇದೆ. ಡಾಕ್ಟರನ್ನು ಕೇಳಲು ನಾಚಿಕೆ ಬೇಡ.

ಗಂಡಂದಿರಿಗೆ ಒಂದು ಮಾತು. ಮೊದಲ ಸಲ ನೋಡಿದಾಗ ಮುಖ ಬಾಡಿದರೂ ಪರವಾಗಿಲ್ಲ, ಅಳು ಬಂದರೂ ಪರವಾಗಿಲ್ಲ. ಎದ್ದು ಹೊರಗೆ ಮಾತ್ರ ಹೋಗಬೇಡಿ.

ಎಲ್ಲ ಮಾಡಿದ್ದೀನಿ. ಬೈದಿಲ್ಲ, ಹಂಗಿಸಿಲ್ಲ. ಆದ್ರೂ ಆಸೆ ಬರ್ತಿಲ್ಲ. ಏನು ಮಾಡ್ಲಿ?

ಮೊದಲು ನಿಮ್ಮ ಮಾತ್ರೆ ಡಬ್ಬಿ ತೆಗೆಯಿರಿ. ಖಿನ್ನತೆಯ ಕೆಲವು ಮಾತ್ರೆ, ಬಿ.ಪಿ.ಯ ಕೆಲವು ಮಾತ್ರೆಗಳಿಂದ ಆಸೆ ತಗ್ಗುತ್ತದೆ. ಗಂಡಸರಿಗೆ ಶುಗರ್ ಇದ್ದರೆ ನಿಮಿರುವುದೇ ಕಷ್ಟವಾಗಬಹುದು. ಅದು ಹೃದಯದ ತೊಂದರೆಯ ಮುನ್ಸೂಚನೆಯೂ ಇರಬಹುದು. ಹೆಂಡತಿಯ ಮೈ ನೋಡಿ ಹೀಗಾಯಿತು ಅಂತ ತಪ್ಪು ತಿಳಿದು ಎರಡು ವರ್ಷ ಕಳೆದವರಿದ್ದಾರೆ. ಮಾತ್ರೆ ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಿ.

ಎರಡನೆಯದು, ಅವರನ್ನು ಮನೆಯ ಹೊರಗೆ ನೋಡಿ. ತುಮಕೂರು ಕಡೆಯ ಒಬ್ಬರು ಬರೆದಿದ್ದರು. ಹೆಂಡತಿ ಟೀಚರ್. ಶಾಲಾ ವಾರ್ಷಿಕೋತ್ಸವದಲ್ಲಿ ಅವರದ್ದೇ ನಿರೂಪಣೆ. ಇವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಧ್ಯೆ ಕರೆಂಟ್ ಹೋಯಿತು. ಹೆಂಡತಿ ಮೈಕ್ ಕೆಳಗಿಟ್ಟು, ಬರೀ ಗಂಟಲಲ್ಲಿ ಐನೂರು ಜನರನ್ನು ಹತ್ತು ನಿಮಿಷ ನಗಿಸಿದರು. "11 ವರ್ಷ ಆಗಿತ್ತು ಮೇಡಂ, ಇವಳು ಯಾರು ಅನ್ನಿಸ್ತು" ಅಂತ ಬರೆದಿದ್ದರು. ತೂಕ ಅಷ್ಟೇ ಇತ್ತು.

ಮೂರನೆಯದು, ಇಷ್ಟಾದರೂ ಇಲ್ಲ ಅಂದರೆ ಇಬ್ಬರೂ ಒಟ್ಟಿಗೆ ಕೌನ್ಸೆಲಿಂಗ್‌ಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಂಪತಿಗಳಿಗೆ ಈ ಸೇವೆ ಇದೆ. ಕೆಲವು ಜೋಡಿಗಳಲ್ಲಿ ಆಸೆ ವಾಪಸ್ ಬರುವುದೇ ಇಲ್ಲ. ಅವರಲ್ಲಿ ಕೆಲವರು ಒಳ್ಳೆಯ ಜೊತೆಗಾರರಾಗಿ ಇರುತ್ತಾರೆ, ಕೆಲವರು ಬೇರೆಯಾಗುತ್ತಾರೆ. ಎರಡರಲ್ಲೂ ಮರ್ಯಾದೆ ಇದೆ. ಹೇಳದೇ ಬೇರೆ ಕಡೆ ಹೋಗಿ, ಸಿಕ್ಕಿಬಿದ್ದ ಮೇಲೆ "ನೀನು ದಪ್ಪ ಆಗಿದ್ದೆ" ಅನ್ನುವುದರಲ್ಲಿ ಇಲ್ಲ.

ನನಗೆ 57. ಮಕ್ಕಳು ಇವರ ಷಷ್ಟ್ಯಬ್ದಿ ಮಾಡ್ತಿದ್ದಾರೆ. ಇವರ ಕಣ್ಣಿಗೆ ಈಗಲೂ ಚೆನ್ನಾಗಿ ಕಾಣ್ಬೇಕು ಅನ್ನಿಸುತ್ತೆ. ಈ ವಯಸ್ಸಲ್ಲಿ ನಗೆಪಾಟಲಾ?

ನಗುವವರು ನಗಲಿ. ಇನ್ನೊಂದು ಸಲ ತಾಳಿ ಕಟ್ಟಿಸಿಕೊಳ್ಳುವಾಗ ಚೆನ್ನಾಗಿ ಕಾಣುವುದು ಬೇಡವಾ? ನಮ್ಮಲ್ಲಿ ಮುಟ್ಟು ನಿಲ್ಲುವುದು ಸಾಮಾನ್ಯವಾಗಿ 46-47ರ ಸುಮಾರಿಗೆ. ಆಮೇಲೆ ಹೊಟ್ಟೆಯ ಸುತ್ತ ಬೊಜ್ಜು, ತೆಳು ಕೂದಲು, ಒಣಗಿದಂತಾಗುವುದು ಎಲ್ಲ ಇದ್ದದ್ದೇ. ಒಣಗುವುದಕ್ಕೆ ಕ್ರೀಮ್ ಇದೆ, ಹೆಂಗಸರ ಡಾಕ್ಟರನ್ನು ಕೇಳಿ. ನಿಮ್ಮೆಜಮಾನರು ಯಾರೋ ಹೇಳಿದರು ಅಂತ ವಯಾಗ್ರ ತರುವ ಮೊದಲು ಒಂದು ವಿಷಯ: ಎದೆನೋವಿಗೆ ಸಾರ್ಬಿಟ್ರೇಟ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ ವಯಾಗ್ರ ಮುಟ್ಟಲೇಬಾರದು. ಪ್ರಾಣಕ್ಕೇ ಅಪಾಯ.

ಸೀರೆ ತರಲು ಗಂಡನನ್ನೇ ಕರ್ಕೊಂಡು ಹೋಗಿ ಅಂತ ಈ ಪತ್ರ ಬರೆದವರಿಗೆ ಬರೆದಿದ್ದೆ. "ಯಾವುದಾದ್ರೂ ತಗೋ" ಅಂದರೆ ಬಿಡಬೇಡಿ, ಆರಿಸುವವರೆಗೂ ಕೂರಿಸಿ ಅಂದಿದ್ದೆ. ಎರಡು ವಾರದ ಮೇಲೆ ಉತ್ತರ ಬಂತು. ಮೂರನೇ ಅಂಗಡಿಯಲ್ಲಿ ಅವರು ತಾವಾಗೇ ಎದ್ದು ಒಂದು ಅರಿಶಿನ ಬಣ್ಣದ ಸೀರೆ ಎತ್ತಿಕೊಂಡರಂತೆ. "ಇದು ತಗೋ, ಧಾರೆಗೆ ಇಂಥದ್ದೇ ಉಟ್ಟಿದ್ದೆ, ಬಹಳ ಚೆನ್ನಾಗಿ ಕಾಣ್ತಿದ್ದೆ" ಅಂದರಂತೆ.

"ಧಾರೆಗೆ ನಾನು ಉಟ್ಟಿದ್ದು ಹಸಿರು" ಅಂತ ಅವರು ಬರೆದಿದ್ದಾರೆ. "ಅರಿಶಿನ ಬಣ್ಣದ್ದೇ ತಗೊಂಡೆ."